ಗಂಟಲಲ್ಲಿ ಏನೋ ಸಿಕ್ಕಿದೆ

ಜನವರಿ ೧೧, ಬೆಳಿಗ್ಗೆ

ದೊಡ್ಡ ಕ್ಯಾನಿನ ಮುಚ್ಚಳ ಮತ್ತೆ ಕಚ್ಚಿಕೊಂಡಿತ್ತು. ಕಲ್ಲಿನಿಂದ ಕುಟ್ಟಿ ತೆಗೆದೆ. ಹೊಸ ರಬ್ಬರ್ ತನ್ನಿ ಅಂತ ಇವರಿಗೆ ಹೇಳಿ ಹೇಳಿ ಬಾಯಿ ನೋವು ಬಂತು. ಬೈಕು ಒರೆಸೋಕೆ ಪುರುಸೊತ್ತು ಇರುತ್ತೆ ಗಂಡನಿಗೆ, ಕ್ಯಾನಿಗಿಲ್ಲ.

ಟೀ ಅಂಗಡಿಯವನದು ಅದೇ ರಾಗ. "ಅಕ್ಕಾ, ನಿಮ್ಮ ಹಾಲಲ್ಲಿ ನನ್ನ ಮುಖ ಕಾಣ್ತಿದೆ." "ತೊಳ್ಕೊಂಡು ಬಂದು ನೋಡು, ಇನ್ನೂ ಚೆನ್ನಾಗಿ ಕಾಣುತ್ತೆ" ಅಂದೆ. ಅಂಗಡಿ ತುಂಬ ನಗು. ನನ್ನ ಹಾಲಿನಲ್ಲಿ ಅರ್ಧ ಅವನ ಪಾತ್ರೆಗೇ ಹೋಗೋದು. ಹಾಗಾಗಿ ಅಷ್ಟಕ್ಕೇ ನಿಲ್ಲಿಸಿದೆ.

ಹಿಂದಿನ ಬೀದಿ ಅಜ್ಜಿಯ ಹಸು ಇವತ್ತು ಅರ್ಧವೂ ಕೊಟ್ಟಿಲ್ಲ. ಮೇವು ಮೂಸಿ ಬಿಡುತ್ತಿದೆಯಂತೆ. ಅಂಗೈಗೆ ಸುರಿದುಕೊಂಡು ಒಂದು ಗುಟುಕು ನೋಡಿದೆ. ನೀರಿಲ್ಲ, ಹುಳಿಯಿಲ್ಲ. ಎಲ್ಲದರ ಜೊತೆ ಕ್ಯಾನಿಗೆ ಹಾಕಿದೆ. ನನ್ನ ನಾಲಿಗೆಗಿಂತ ಮೇಲಿನ ಲ್ಯಾಬ್ ಯಾವುದಿದೆ.

ಜನವರಿ ೧೨, ಸಂಜೆ

ಹಸುವಿಗೆ ಜೊಲ್ಲು. ನೂಲಿನ ಹಾಗೆ ನೆಲದವರೆಗೆ ಇಳಿಯುತ್ತಿತ್ತು. ಬಕೆಟ್ಟಿನ ನೀರಿಗೆ ಮೂತಿ ಇಡುತ್ತೆ, ಕುಡಿಯಲ್ಲ. ಕೂಗಿದರೆ ನೆಲದ ಮೇಲೆ ತಗಡು ಎಳೆದ ಸದ್ದು. ಅಜ್ಜಿ ಬಾಗಿಲಲ್ಲೇ ತಡೆದಳು. "ಗಂಟಲಲ್ಲಿ ಏನೋ ಸಿಕ್ಕಿದೆ ಕಣೇ. ನಿನ್ನ ತಮ್ಮನ್ನ ಕರಿ."

ತಮ್ಮ ದನದ ದಲ್ಲಾಳಿ. ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳಿದನೆಂದರೆ ಮುಗಿಯಿತು, ಸಂತೆಯಲ್ಲಿ ಎದುರು ಮಾತಿಲ್ಲ. ಅದಕ್ಕಿಂತ ದೊಡ್ಡ ಹೆಸರು ಗಂಟಲಿಗೆ ಕೈ ಹಾಕುವುದರಲ್ಲಿ. ಆಲೂಗಡ್ಡೆ ತೆಗೆದಿದ್ದಾನೆ, ಹಗ್ಗದ ಗಂಟು ತೆಗೆದಿದ್ದಾನೆ, ಒಂದು ಎಮ್ಮೆಗೆ ಮಗುವಿನ ಚಪ್ಪಲಿ ಸಿಕ್ಕಿತ್ತು, ಅದನ್ನೂ. ಎಲ್ಲರೂ ಅವನನ್ನು ಕರೆಯೋದು ಕೈಗುಣ ಅಂತಲೇ. ದನದ ಕೆಲಸ ಮಾಡಿದ ಮೇಲೆ ಸೋಪು ಮುಟ್ಟಲ್ಲ ಮಹಾರಾಯ. ಸೋಪು ಹಾಕಿದರೆ ಕೈಗುಣ ತೊಳೆದು ಹೋಗುತ್ತಂತೆ.

ಬಂದ. ಅಂಗೈ ತುಂಬ ಹಗ್ಗ ಎಳೆದ ಗಾಯ, ನಿನ್ನೆ ಲಾರಿಯಿಂದ ಲೋಡು ಇಳಿಸಿದ್ದನಂತೆ. "ಅಕ್ಕಾ, ನೀನು ನಾಲಿಗೆ ಹಿಡ್ಕೋ. ನಿನ್ನ ನಾಲಿಗೆ ಹಿಡಿಯೋಕಂತೂ ಭಾವನ ಕೈಲಿ ಆಗಲಿಲ್ಲ, ನೀನಾದ್ರೂ ಇದರದ್ದು ಹಿಡಿ."

ಹಿಡಿದೆ. ಮೊಣಕೈವರೆಗೆ ತೂರಿಸಿದ. ಹಸು ಹಲ್ಲು ಊರಿತು, ಚರ್ಮ ಕಿತ್ತಿತು. ತಡಕಾಡಿದ, ತಡಕಾಡಿದ. ಏನೂ ಸಿಗಲಿಲ್ಲ. ಕೈ ತೆಗೆದು ಹಸುವಿನ ಬೆನ್ನಿಗೇ ಒರೆಸಿಕೊಂಡ.

"ಒಳಗೆ ಜಾರಿರಬೇಕು ಬಿಡಿ ಅಜ್ಜಿ."

ಆದರೆ ಮುಖ ಸಪ್ಪಗಾಗಿತ್ತು. ಬರಿಗೈಲಿ ಬಂದದ್ದು ಇದೇ ಮೊದಲು. ಅದೇ ಕೈಯಲ್ಲಿ ಅಜ್ಜಿಯ ಟೀ ಕುಡಿದು ಹೊರಟ.

ಜನವರಿ ೧೫

ಹಸು ಸತ್ತಿತು. ಹಿಂದಿನ ಕಾಲು ಎಳೆದುಕೊಂಡು, ಗೋಡೆಗೆ ತಲೆ ಚಚ್ಚಿಕೊಂಡು. ದನದ ಡಾಕ್ಟರು ಗ್ಲೌಸು ಹಾಕಿಕೊಂಡೇ ಒಳಗೆ ಬಂದರು. ಆಗಲೇ ಅನುಮಾನ ಬಂತು ನನಗೆ.

"ನಾಯಿ ಏನಾದ್ರೂ ಕಚ್ಚಿತ್ತಾ ಇದಕ್ಕೆ?"

ಅಜ್ಜಿ ನೆನಪು ಮಾಡಿಕೊಂಡಳು. ಹೋದ ತಿಂಗಳು ಒಂದು ಬೀದಿನಾಯಿ ಕೊಟ್ಟಿಗೆಗೆ ನುಗ್ಗಿ ಮೂತಿಗೆ ಬಾಯಿ ಹಾಕಿತ್ತು. ಬೂದಿ ಒತ್ತಿದ್ದಳು, ಗಾಯ ಮಾಯಿತ್ತು, ಮರೆತೂ ಹೋಗಿತ್ತು.

ಡಾಕ್ಟರು ನನ್ನ ಕಡೆ ತಿರುಗಿದರು. "ರೇಬಿಸ್ ಇರಬಹುದು. ಮಿದುಳಿನ ಸ್ಯಾಂಪಲ್ ಕಳಿಸ್ತೀನಿ. ರಿಪೋರ್ಟ್ ಬರೋವರೆಗೂ ಕಾಯ್ಬೇಡಿ. ಇದರ ಜೊಲ್ಲು ತಾಗಿದೋರು ನಾಳೆನೇ ದೊಡ್ಡಾಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡ್ಕೊಳ್ಳಿ. ಈ ಕಾಯಿಲೆ ಬಂದ ಮೇಲೆ ಔಷಧಿ ಇಲ್ಲಮ್ಮ. ಬರೋಕೆ ಮುಂಚೆ ಮಾತ್ರ ಇದೆ. ಬಾಯಿಗೆ ಯಾರಾದ್ರೂ ಕೈ ಹಾಕಿದ್ರಾ?"

"ನನ್ನ ತಮ್ಮ."

"ಅವರಿಗೆ ನೀವೇ ಹೇಳ್ತೀರಲ್ಲ?"

"ಹೇಳ್ತೀನಿ ಸಾರ್."

ಅಜ್ಜಿಯನ್ನು ಮಗಳು ಬಂದು ತನ್ನ ಊರಿಗೆ ಕರೆದುಕೊಂಡು ಹೋದಳು, ಇಂಜೆಕ್ಷನ್ ಅಲ್ಲೇ ಹಾಕಿಸುತ್ತಾಳಂತೆ. ಓಣಿಯವರು ಕೇಳಿದರು, ಹಸುವಿಗೆ ಏನಾಗಿತ್ತು ಅಂತ. ಹೊಟ್ಟೆ ಉಬ್ಬರಿಸಿತ್ತು ಅಂದೆ. ನಾಲಿಗೆ ತಾನಾಗೇ ಅಂದುಬಿಟ್ಟಿತು. ಆ ಹಸುವಿನ ಹಾಲು ಎಷ್ಟು ಮನೆಗೆ ಹೋಗಿದೆಯೋ ನನಗೇ ಗೊತ್ತು. ಕಾಯಿಸಿದ್ದರೆ ಭಯವಿಲ್ಲ ಅಂದಿದ್ದಾರೆ ಡಾಕ್ಟರು. ಆದರೆ ಹುಚ್ಚುನಾಯಿ ರೋಗ ಅಂತ ಒಂದು ಮಾತು ಹೊರಬಿದ್ದರೆ ಸಾಕು, ನನ್ನ ಕ್ಯಾನನ್ನು ಯಾರೂ ಹೊಸ್ತಿಲು ದಾಟಿಸಲ್ಲ.

ಇವರಿಗೆ ಹೇಳಿದೆ. "ನಿನ್ನ ತಮ್ಮಂಗೆ ಮೊದ್ಲು ಹೇಳೇ" ಅಂದರು.

"ಅವನ ಬಾಯಿಗೆ ಬಾಗಿಲಿದೆಯಾ? ಇವತ್ತು ಹೇಳಿದ್ರೆ ನಾಳೆ ಸಂತೆಗೆಲ್ಲ ಗೊತ್ತಾಗುತ್ತೆ. ನಿಮಗೇನು, ಬೈಕು ಓಡಿಸಿದ್ರಾಯ್ತು. ವಾಪಸ್ ಬಂದ ಹಾಲು ಚರಂಡಿಗೆ ಸುರಿಯೋಳು ನಾನು."

ಬೈಕು ಒರೆಸೋ ಬಟ್ಟೆ ಎತ್ತಿಕೊಂಡು ಹೊರಗೆ ಹೋದರು. ಎರಡು ದಿನ ಬಿಟ್ಟು ಹೇಳಿದರಾಯಿತು.

ಜನವರಿ ೧೬

ಪಕ್ಕದ ಊರಿನ ದೊಡ್ಡಾಸ್ಪತ್ರೆ. ಬೇಕಂತಲೇ ಅಲ್ಲಿಗೆ ಹೋದೆ, ಗುರುತಿನವರು ಇರಲ್ಲ ಅಂತ.

ಚೀಟಿ ಬರೆಯುವವನು ಕೇಳಿದ. "ನಾಯಿ ಎಲ್ಲಿ ಕಚ್ಚಿತು?"

"ನಾಯಿ ಅಲ್ಲ, ಹಸು."

"ಹಸು ಕಚ್ಚಿತಾ?"

"ಕಚ್ಚಿಲ್ಲ. ನಾಲಿಗೆ ಹಿಡಿದಿದ್ದೆ."

ಸಾಲಿನಲ್ಲಿದ್ದವರು ಕಿಸಕ್ಕೆಂದರು. ಮುಖ ಎಲ್ಲಿಡಲಿ ಅನ್ನಿಸಿತು. ನರ್ಸಮ್ಮ ಮಾತ್ರ ನಗಲಿಲ್ಲ. ಬೆರಳಿನ ಬಿರುಕು ನೋಡಿದರು, ಹಾಲಿನ ಕೈ, ಯಾವಾಗಲೂ ಒಡೆದೇ ಇರುತ್ತೆ. ಹಸಿ ಹಾಲು ಕುಡಿದಿದ್ದನ್ನೂ ಹೇಳಿದೆ. ತೋಳಿಗೆ ಚುಚ್ಚಿದರು, ಇನ್ನೂ ಬರಬೇಕು ಅಂದರು.

"ನಿಮ್ಮ ಜೊತೆ ಬೇರೆ ಯಾರಿದ್ರು?"

"ಯಾರೂ ಇಲ್ಲ."

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕಿಟಕಿಯಾಚೆ ಏನಿತ್ತೋ ನೆನಪಿಲ್ಲ.

ಜನವರಿ ೧೭, ಮಧ್ಯಾಹ್ನ

ತಮ್ಮ ಬಂದಿದ್ದ. ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಶುರು ಮಾಡಿದ, ಯಾರೋ ಸಂತೆಯಲ್ಲಿ ಬಣ್ಣ ಹಚ್ಚಿದ ಹಸು ಮಾರಲು ಹೋಗಿ ಸಿಕ್ಕಿಬಿದ್ದ ಕಥೆ. ಹೆಸರು, ಊರು, ಅಪ್ಪನ ಹೆಸರು ಸಮೇತ. ಪಕ್ಕದ ಮನೆಯವರೂ ಕಿಟಕಿಗೆ ಬಂದು ಕೇಳಿದರು. ಇವನಿಗೆ ಹೇಗೆ ಹೇಳೋದು.

"ಕೈ ತೋರಿಸು" ಅಂದೆ. ಹಗ್ಗದ ಗಾಯ ಕೆಂಪಗಿತ್ತು. "ಲಾರಿ ಕಬ್ಬಿಣ, ತುಕ್ಕು. ಇವತ್ತೇ ಹೋಗಿ ಒಂದು ಇಂಜೆಕ್ಷನ್ ಹಾಕಿಸ್ಕೋ."

"ಇದೇನಕ್ಕಾ, ಇಲ್ಲದ ಕಾಳಜಿ?"

"ಹಾಕಿಸ್ಕೋ ಅಂದ್ರೆ ಹಾಕಿಸ್ಕೋ."

ಜನವರಿ ೧೯

ನನ್ನ ಎರಡನೇ ಡೋಸ್ ಆಯಿತು.

ತಮ್ಮ ಫೋನ್ ಮಾಡಿದ್ದ. "ಹಾಕಿಸ್ಕೊಂಡೆ ಮಾರಾಯ್ತಿ, ಸಮಾಧಾನ ಆಯ್ತಾ?"

ಯಾವ ಇಂಜೆಕ್ಷನ್ ಅಂತ ನಾನು ಕೇಳಲಿಲ್ಲ. ತುಕ್ಕು ಅಂದರೆ ಟಿಟಿ ಹಾಕುತ್ತಾರೆ, ಅಷ್ಟು ನನಗೆ ಗೊತ್ತಿಲ್ಲವೇ. ಆದರೂ ಒಳ್ಳೆಯದಾಯಿತು ಅಂದೆ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತೆ ಅನ್ನುತ್ತಾರೆ. ನಾನು ಹಾಲು ಮಾರುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ಜನವರಿ ೨೪

ಟೀ ಅಂಗಡಿಯವನು, "ಅಕ್ಕಾ, ಆ ಅಜ್ಜಿ ಹಸುಗೆ ಏನೋ ಆಗಿತ್ತಂತೆ?" ಅಂದ. ಅವನ ಮಾತು ಮುಗಿಯುವ ಮೊದಲೇ ಹೊಟ್ಟೆ ಉಬ್ಬರ ಅಂದೆ. "ಪಾಪ" ಅಂದು ಲೋಟ ತೊಳೆಯಲು ಹೋದ. ಅವನು ಕೇಳಿದ್ದು ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಪಾಡು ನನ್ನದು.

ಜಿಮ್‌ಗೆ ಹೋಗೋ ಹುಡುಗರು ಕೆಲವರು ನನ್ನ ಹತ್ತಿರ ಹಸಿ ಹಾಲೇ ಕುಡಿಯುತ್ತಿದ್ದರು, ಅದನ್ನು ನಿಲ್ಲಿಸಿದೆ. ಕಾಯಿಸಿಯೇ ಕೊಡೋದು, ಬೇಕಾದರೆ ತಗೊಳ್ಳಿ. ಆದರೆ ಹಿಂದೆ ಕುಡಿದದ್ದರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ.

ಜನವರಿ ೩೧, ಸಂಜೆ

ದನದ ಡಾಕ್ಟರ ಫೋನ್. ರಿಪೋರ್ಟ್ ಬಂದಿದೆ. ರೇಬಿಸ್ಸೇ.

"ತಮ್ಮನಿಗೆ ಡೋಸ್ ನಡೀತಿದೆಯಲ್ಲಮ್ಮ?"

"ಹೂಂ ಸಾರ್."

ಫೋನಿಟ್ಟೆ. ಸಾಕು ಅನ್ನಿಸಿತು. ಹಾಲು ಹಾಳಾಗಲಿ. ತಕ್ಷಣ ತಮ್ಮನಿಗೆ ಮಾಡಿದೆ. ದೂರದ ಸಂತೆಯಲ್ಲಿದ್ದ, ಹಿಂದೆ ದನಗಳ ಗದ್ದಲ. ಹೇಳಿದೆ. ಆ ಹಸುವಿಗೆ ಹುಚ್ಚುನಾಯಿ ರೋಗ ಇತ್ತು, ಆಸ್ಪತ್ರೆಗೆ ಹೋಗು, ಇವತ್ತೇ ಹೋಗು ಅಂದೆ.

ನಕ್ಕ. "ಹುಚ್ಚುನಾಯಿ ರೋಗ ನಾಯಿಯಿಂದ ಬರುತ್ತೆ ಅಕ್ಕಾ. ಹಸುವಿಂದ ಎಲ್ಲಾದ್ರೂ ಬರುತ್ತಾ? ದಿನಾ ಎಷ್ಟು ಬಾಯಿಗೆ ಕೈ ಹಾಕ್ತೀನಿ ನಾನು."

"ಬರುತ್ತಂತೆ ಕಣೋ. ಜೊಲ್ಲಲ್ಲಿ ಇರುತ್ತಂತೆ."

"ಒಂದು ಇಂಜೆಕ್ಷನ್ ಹಾಕಿಸ್ಕೊಂಡಿದ್ದೀನಲ್ಲ, ನೀನು ಹೇಳಿದ್ದಕ್ಕೇ. ಎಲ್ಲಾ ಇಂಜೆಕ್ಷನ್ನೂ ಒಂದೇ."

"ಅದು ಬೇರೆ, ಇದು ಬೇರೆ."

ಆಮೇಲೆ ಕೇಳಿದ. "ನಾಲಿಗೆ ಹಿಡಿದಿದ್ದು ನೀನು. ನೀನು ಹಾಕಿಸ್ಕೊಂಡ್ಯಾ?"

ಹೌದು ಅನ್ನಬೇಕಿತ್ತು. ಹೌದು ಅಂದರೆ ಯಾವಾಗ ಅನ್ನುತ್ತಾನೆ. ಯಾವಾಗ ಅಂದರೆ, ನನ್ನನ್ನ ಯಾಕೆ ಕರೆದುಕೊಂಡು ಹೋಗಲಿಲ್ಲ ಅನ್ನುತ್ತಾನೆ. ಬಾಯಿ ಬಿಟ್ಟರೆ ಬಣ್ಣಗೇಡು.

"ಇಲ್ಲ" ಅಂದೆ.

"ಮತ್ತೆ? ನಿನಗೆ ಬೇಡದ್ದು ನನಗ್ಯಾಕೆ? ಹೋಗಿ ಕ್ಯಾನು ತೊಳಿ ಹೋಗು."

ಇಟ್ಟುಬಿಟ್ಟ. ಹೇಳಿದ್ದೇನಲ್ಲ, ಹೇಳಿಯಾಯಿತಲ್ಲ ಅಂತ ನನಗೆ ನಾನೇ ಅಂದುಕೊಂಡೆ. ಬಂದ ಮೇಲೆ ಕೈ ಹಿಡಿದು ಎಳೆದುಕೊಂಡು ಹೋಗುತ್ತೇನೆ.

ಫೆಬ್ರವರಿ ೧೩

ನನ್ನ ಕೊನೆಯ ಡೋಸ್. "ಇನ್ನು ನಿಶ್ಚಿಂತೆಯಿಂದಿರಿ" ಅಂದರು ನರ್ಸಮ್ಮ.

ತಮ್ಮ ಸಂತೆಯಿಂದ ಬಂದಿದ್ದಾನೆ. ಗಾಯ ಮಾಯಿದೆ. ಎರಡು ಹೊತ್ತಿನ ಊಟ ಒಂದೇ ಸಲ ಉಂಡ. ಆಸ್ಪತ್ರೆ ಮಾತೆತ್ತಿದೆ, ತಲೆ ಮೇಲೆ ಮೊಟಕಿ ಹೋದ. ಇಷ್ಟು ಗಟ್ಟಿಮುಟ್ಟಾಗಿ ಇದ್ದವನನ್ನು ಏನಂತ ಎಳೆದುಕೊಂಡು ಹೋಗೋದು. ಆಗೋದಿದ್ದರೆ ಇಷ್ಟರಲ್ಲಿ ಆಗುತ್ತಿತ್ತು.

ಮಾರ್ಚ್ ೬

ತಮ್ಮನ ಹೆಂಡತಿ ಫೋನ್ ಮಾಡಿದ್ದಳು, ಬೇರೇನೋ ಮಾತಿಗೆ. ನಡುವೆ ಅಂದಳು, "ಇವರಿಗೆ ಬಲಗೈ ಜುಮ್ಮಂತಿದೆಯಂತೆ ಅತ್ತಿಗೆ. ಇರುವೆ ಹರಿದಂಗೆ ಅಂತಾರೆ. ಕೆರೆದು ಕೆರೆದು ರಕ್ತ ಬಂದಿದೆ. ಮೈ ಬೇರೆ ಬೆಚ್ಚಗಿದೆ."

ಹಗ್ಗದ ಗಾಯವಿದ್ದ ಕೈ.

ಒಲೆಯ ಮೇಲೆ ಹಾಲು ಉಕ್ಕಿ ನೆಲಕ್ಕೆ ಹರಿಯಿತು. ನೋಡುತ್ತಾ ನಿಂತಿದ್ದೆ. ಬರ್ತೀನಿ, ಬಟ್ಟೆ ಹಾಕಿಸಿ ಸಿದ್ಧ ಮಾಡು ಅಂದೆ. ಯಾಕೆ ಅತ್ತಿಗೆ ಅಂದಳು. ನಾನು ಹೇಳಲಿಲ್ಲ. ಆಗಲೂ ಹೇಳಲಿಲ್ಲ.

ನಾನೂ ಇವರೂ ಹೋದೆವು. ಮಲಗಿದ್ದವನು ಎದ್ದು ಕೂತು ಬೈದ. ಜ್ವರಕ್ಕೆ ಯಾರಾದರೂ ದೊಡ್ಡಾಸ್ಪತ್ರೆಗೆ ಹೋಗುತ್ತಾರಾ ಅಂತ. ಇವರು ಕೈ ಮುಗಿದರು. ನಾಳೆ ನೋಡೋಣ ಅಂದ.

ಮಾರ್ಚ್ ೮, ಬೆಳಿಗ್ಗೆ

ನೀರು ಕೊಟ್ಟರೆ ಲೋಟ ಹಿಡಿಯುತ್ತಾನೆ, ತುಟಿಯವರೆಗೆ ತರುತ್ತಾನೆ, ಅಷ್ಟರಲ್ಲಿ ಕುತ್ತಿಗೆ ಸೆಟೆದುಕೊಳ್ಳುತ್ತೆ. ಲೋಟ ಗೋಡೆಗೆ ಹೋಗಿ ಬಿತ್ತು. ಫ್ಯಾನ್ ಆರಿಸು ಅಂತ ಕೂಗಿದ. ಗಾಳಿ ಮುಖಕ್ಕೆ ಬಡಿದರೆ ತಡೆಯಲ್ಲ.

ಬಕೆಟ್ಟಿಗೆ ಮೂತಿ ಇಟ್ಟು ನಿಂತಿದ್ದ ಆ ಹಸು ಕಣ್ಣಿಗೆ ಬಂತು. ಜೀಪು ತರಿಸಿದೆವು.

ಮಾರ್ಚ್ ೮, ಸಂಜೆ

ಅದೇ ದೊಡ್ಡಾಸ್ಪತ್ರೆ. ಕೊನೆಯ ರೂಮು, ಕಿಟಕಿಗೆ ಕಪ್ಪು ಪರದೆ. ಡಾಕ್ಟರು ಹೊರಗೆ ಕರೆದು ಹೇಳಿದರು, ಕೈಮೀರಿ ಹೋಗಿದೆ. ನೋವಾಗದ ಹಾಗೆ ನೋಡಿಕೊಳ್ತೇವೆ, ಅಷ್ಟೇ.

ತಮ್ಮನ ಹೆಂಡತಿ ಪಕ್ಕದಲ್ಲೇ ಇದ್ದಳು. ಅದೇ ನರ್ಸಮ್ಮ ಬಂದರು. ನನ್ನನ್ನು ಗುರುತಿಸಿದರು.

"ನೀವು ಹಸು ಕೇಸಲ್ವಾ? ಎಲ್ಲಾ ಡೋಸ್ ಸರಿಯಾಗಿ ತಗೊಂಡಿದ್ರಲ್ಲ. ಅವತ್ತು ಜೊತೆಗೆ ಯಾರೂ ಇಲ್ಲ ಅಂದ್ರಿ…"

ತಮ್ಮನ ಹೆಂಡತಿ ನನ್ನನ್ನೇ ನೋಡಿದಳು. ಬೈಯಲಿ, ಕೂದಲು ಹಿಡಿದು ಎಳೆಯಲಿ ಅಂತ ಕಾದೆ. "ನೀವು ತಗೊಂಡ್ರಾ ಅತ್ತಿಗೆ?" ಅಂತ ಕೇಳಿದಳು ಅಷ್ಟೇ. ನೀರು ಇದೆಯಾ ಅಂತ ಕೇಳಿದಷ್ಟು ಸಣ್ಣ ದನಿಯಲ್ಲಿ.

ಪರದೆಯಾಚೆ ಅವನಿಗೆ ಎಚ್ಚರವಿತ್ತು.

ಮಾರ್ಚ್ ೯, ಮಧ್ಯಾಹ್ನ

ನನ್ನನ್ನು ಒಳಗೆ ಬಿಟ್ಟರು. ಗ್ಲೌಸು, ಮಾಸ್ಕು. ಕೈ ಎರಡೂ ಬಟ್ಟೆಯಲ್ಲಿ ಮಂಚಕ್ಕೆ ಕಟ್ಟಿದ್ದರು. ಎಷ್ಟೋ ದನಗಳಿಗೆ ಹಗ್ಗ ಹಾಕಿದ ಕೈ. ಬಾಯಿಂದ ಜೊಲ್ಲು, ಒರೆಸಿದಷ್ಟೂ ಬರುತ್ತಿತ್ತು. ನಡುನಡುವೆ ಬುದ್ಧಿ ಸರಿಯಿರುತ್ತೆ, ಅದೇ ಕಷ್ಟ ಅಂದಿದ್ದರು ಡಾಕ್ಟರು.

"ಅಕ್ಕಾ."

ದನಿ ಅವನದಲ್ಲ. ತಗಡು ಎಳೆದ ಸದ್ದು.

"ಗಂಟಲಲ್ಲಿ ಏನೋ ಸಿಕ್ಕಿದೆ ಅಕ್ಕಾ. ಕೈ ಹಾಕಿ ತೆಗಿ."

"ಏನೂ ಇಲ್ಲ ಕಣೋ. ಏನೂ ಇಲ್ಲ."

"ಇದೆ. ನನಗೆ ಗೊತ್ತಾಗುತ್ತೆ. ನೀನು ಇಂಜೆಕ್ಷನ್ ತಗೊಂಡಿದ್ದೀಯಲ್ಲ. ನಿನಗೇನೂ ಆಗಲ್ಲ. ಹೆದರ್ಬೇಡ, ತೆಗಿ."

ಚುಚ್ಚಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೇನೂ ಆಗಲ್ಲ ಅಂತ ನನಗೇ ಸಮಾಧಾನ ಹೇಳುತ್ತಿದ್ದ. ನರ್ಸಮ್ಮ ಭುಜ ಹಿಡಿದು ಹೊರಗೆ ಕರೆತಂದರು. ಕಾರಿಡಾರಿನಲ್ಲಿ ಕೂತು ಅತ್ತೆ. ಇಷ್ಟು ದಿನ ಬಾರದ ಅಳು.

ಮಾರ್ಚ್ ೧೧

ತಮ್ಮ ಹೋದ.

ಮಾರ್ಚ್ ೧೯

ಎಲ್ಲರೂ ಕೇಳುತ್ತಾರೆ, ಏನಾಗಿತ್ತು ಅಂತ. ಜ್ವರ ತಲೆಗೇರಿತು ಅನ್ನುತ್ತೇನೆ. ಅವನ ಹೆಂಡತಿ ಎಲ್ಲೂ ಬಾಯಿ ಬಿಟ್ಟಿಲ್ಲ. ನನ್ನ ಜೊತೆಗೂ ಇಲ್ಲ. ಮನೆಗೆ ಹೋದರೆ ಚಾಪೆ ಹಾಸುತ್ತಾಳೆ, ಒಳಗೆ ಹೋಗಿಬಿಡುತ್ತಾಳೆ.

ಹಾಲು ಎಂದಿನಷ್ಟೇ ಹೋಗುತ್ತಿದೆ. ಒಂದು ಮನೆಯೂ ಬಿಟ್ಟಿಲ್ಲ. ಇದಕ್ಕೇ ತಾನೇ ಅಷ್ಟೆಲ್ಲ ಮಾಡಿದ್ದು. ಕ್ಯಾನಿಗೆ ಹೊಸ ರಬ್ಬರ್ ಬಂದಿದೆ.

ರುಚಿ ನೋಡೋಕೆ ಅಂಗೈಗೆ ಹಾಲು ಸುರಿದುಕೊಂಡರೆ ಈಗ ಬಾಯಿ ತೆರೆಯೋದಿಲ್ಲ.

ಮಾರ್ಚ್ ೨೯, ಬೆಳಿಗ್ಗೆ

ಬರೆದಿಟ್ಟೇ ಹೊರಡಬೇಕು. ದಾರಿಯಲ್ಲಿ ಮನಸ್ಸು ತಿರುಗಬಾರದು.

ಟೀ ಅಂಗಡಿಯವನ ಹಿತ್ತಲಲ್ಲಿ ಒಂದು ಎಮ್ಮೆ ಇದೆ. ಇವತ್ತು ಹಾಲು ಅಳೆದು ಕೊಡುವಾಗ ಅಂದ, "ನಿಮ್ಮ ತಮ್ಮ ಇರಬೇಕಿತ್ತು ಅಕ್ಕಾ. ಎಮ್ಮೆ ನೀರು ಮುಟ್ತಿಲ್ಲ, ಒಂದೇ ಸಮ ಜೊಲ್ಲು. ಗಂಟಲಲ್ಲಿ ಏನೋ ಸಿಕ್ಕಿದೆ."

ಕೈಲಿದ್ದ ಅಳತೆ ಲೋಟ ನಿಂತಿತು. "ಡಾಕ್ಟರನ್ನ ಕರಿ. ನೀನು ಬಾಯಿಗೆ ಕೈ ಹಾಕ್ಬೇಡ" ಅಂದೆ.

"ಯಾಕೆ?"

ಅಂಗಡಿ ತುಂಬ ಜನ. ಲೋಟ ಹಿಡಿದವರು, ಪೇಪರ್ ಹಿಡಿದವರು, ಎಲ್ಲರೂ ನನ್ನ ಹಾಲು ಕುಡಿಯುವವರು. ಹೇಳಿದೆ. ಅಜ್ಜಿಯ ಹಸುವಿನಿಂದ ಶುರು ಮಾಡಿ ತಮ್ಮನವರೆಗೆ. ಆ ಹಾಲು ಎಲ್ಲೆಲ್ಲಿ ಹೋಗಿತ್ತು, ನಾನು ಯಾವಾಗ ಸೂಜಿ ಹಾಕಿಸಿಕೊಂಡೆ, ಅವನಿಗೆ ಏನಂತ ಹೇಳಿದೆ. ಒಂದನ್ನೂ ಬಿಡಲಿಲ್ಲ. ಯಾರೋ ಲೋಟ ಕೆಳಗಿಟ್ಟು ಎದ್ದು ಹೋದರು. ಇನ್ನೊಬ್ಬ ಉಗಿದ. ಉಗಿಯಲಿ.

ಟೀ ಅಂಗಡಿಯವನು ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದ. ಬೆರಳ ಗೆಣ್ಣಿನಲ್ಲಿ ಹಲ್ಲು ತರಚಿದ ಗುರುತು, ಇನ್ನೂ ಹಸಿ.

"ನಿನ್ನೆ ಸಂಜೆನೇ ಹಾಕಿದ್ದೆ ಅಕ್ಕಾ" ಅಂದ.

ಇನ್ನೂ ಸಮಯ ಇದೆ. ಬರೋಕೆ ಮುಂಚೆ ಇದೆ ಅಂದಿದ್ದರು ಡಾಕ್ಟರು. ಎಳೆದುಕೊಂಡೇ ಬಂದೆ ಮನೆಗೆ. ಇವರು ಬೈಕು ಹೊರಗೆ ತೆಗೆಯುತ್ತಿದ್ದಾರೆ. ಅವನು ನಲ್ಲಿ ಕೆಳಗೆ ಕೂತಿದ್ದಾನೆ, ಹೊಸ ಸೋಪು ಕೊಟ್ಟಿದ್ದೇನೆ. ನಿಲ್ಲಿಸಿದ ಈಗ. ಉಜ್ಜು, ಇನ್ನೂ ಉಜ್ಜು ಅಂತ ಇಲ್ಲಿಂದಲೇ ಕೂಗಿದೆ. ಕಾಲುಗಂಟೆ ಉಜ್ಜಿದರೂ ಸರಿ. ಚೀಟಿ ಬರೆಯುವವನು ನಾಯಿ ಎಲ್ಲಿ ಕಚ್ಚಿತು ಅನ್ನುತ್ತಾನೆ, ಸಾಲಿನವರು ನಗುತ್ತಾರೆ, ಇವನು ಎದ್ದು ಬಂದುಬಿಟ್ಟಾನು, ಕೈ ಬಿಡಬಾರದು. ಕ್ಯಾನು ಬಾಗಿಲಲ್ಲೇ ಇದೆ, ತುಂಬಿದ್ದು ತುಂಬಿದ ಹಾಗೆ. ಬಿಸಿಲು ಬಂದಿದೆ ಅದರ ಮೇಲೆ. ಇವತ್ತು ಹಾಲು ಯಾರಿಗೂ ಇಲ್ಲ. ಬೈಕು ಸ್ಟಾರ್ಟ್ ಆಯಿತು, ಹೊರಟೆ.